ಹಾಡು ಮದ್ದಾಗುವ ಬಗೆ

ಮದ್ದೂರು ತಾಲ್ಲೂಕಿನ ಕೊಪ್ಪದ ಸುತ್ತಮುತ್ತ ಹಾಡಿಗೆ ಎಂದೂ ಬಡತನವಿದ್ದುದಿಲ್ಲ. ಕಬ್ಬು, ಬತ್ತಗಳನ್ನು ಬೆಳೆಯುವ ಈ ಸೀಮೆಯಲ್ಲಿ ಹೆಂಗಸರು ನಾಟಿಯ ದಣಿವನ್ನು ಹಾಡಿಕೊಂಡೇ ಕಳೆಯುತ್ತಿದ್ದರು. ತೊಟ್ಟಿಲಿಗೆ ಲಾಲಿ, ಮದುವೆಗೆ ಸೋಬಾನೆ. ನೆರೆಯ ಮಳವಳ್ಳಿ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತ ಬಂದಿದ್ದಾರೆ. ಹಾಡು ಮನಸ್ಸನ್ನು ಹಗುರಗೊಳಿಸುತ್ತದೆಂಬುದನ್ನು ಈ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನೋವನ್ನು ಮರೆಸುವುದು ಬೇರೆ. ರೋಗಿಯು ಮತ್ತೆ ನಡೆಯುವಂತೆ, ನುಡಿಯುವಂತೆ ಮಾಡುವುದು ಬೇರೆ. ಈ ಎರಡನೆಯ ಹೊಣೆಯನ್ನು ಹೊತ್ತವನೇ ಸಂಗೀತ ಚಿಕಿತ್ಸಕ.

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಅಮೆರಿಕದ ಆಸ್ಪತ್ರೆಗಳಲ್ಲಿ ಸಂಗೀತಗಾರರು ಹಾಡಿದರು, ವಾದ್ಯ ನುಡಿಸಿದರು. ಈ ಕೆಲಸಕ್ಕೆ ಒಳ್ಳೆಯ ಕಂಠವೊಂದೇ ಸಾಲದು, ರೋಗವನ್ನೂ ರೋಗಿಯ ಮನಸ್ಸನ್ನೂ ಅರಿತಿರಬೇಕು ಎಂಬುದು ಆಗ ಮನವರಿಕೆಯಾಯಿತು. 1944ರಲ್ಲಿ ಮಿಷಿಗನ್ ರಾಜ್ಯದಲ್ಲಿ ಇದಕ್ಕಾಗಿಯೇ ಪದವಿ ಶಿಕ್ಷಣವು ಆರಂಭವಾಯಿತು. 1950ರಲ್ಲಿ ಈ ಚಿಕಿತ್ಸೆಗಾಗಿ ಒಂದು ರಾಷ್ಟ್ರೀಯ ಸಂಘವೂ ಸ್ಥಾಪನೆಗೊಂಡಿತು.

ಹಾಡು ಮದ್ದಾಗುವ ಬಗೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಪಾರ್ಶ್ವವಾಯುವಿನಿಂದ ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಕೆಲವರ ಮಾತು ನಿಂತುಹೋಗುತ್ತದೆ. ಬಾಯಾರಿದರೂ 'ನೀರು' ಎನ್ನಲಾರದವರು ಎಷ್ಟೋ ವೇಳೆ ತಾವು ಬಲ್ಲ ಹಾಡಿನ ಸಾಲನ್ನು ಹಾಡಬಲ್ಲರು. ಇದನ್ನು ಗಮನಿಸಿದ ಬಾಸ್ಟನ್ ನಗರದ ತಜ್ಞರು 1973ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ನಿತ್ಯ ಬೇಕಾಗುವ ಚಿಕ್ಕ ಮಾತನ್ನು ರಾಗವಾಗಿ ಎಳೆದು ಹಾಡಿಸುವುದು, ಎಡಗೈಯಿಂದ ತಾಳ ಹಾಕಿಸುವುದು, ಬರಬರುತ್ತ ರಾಗವನ್ನು ಬಿಡಿಸಿ ಮಾತನ್ನು ಉಳಿಸಿಕೊಳ್ಳುವುದು ಇದರ ಕ್ರಮ. ಹಾಗೆಯೇ, ನಡುಕರೋಗದಿಂದ ಹೆಜ್ಜೆ ತಡವರಿಸುವವರಿಗೆ ಸಮಗತಿಯ ತಾಳವು ನಡಿಗೆಗೆ ಊರುಗೋಲಾಗುತ್ತದೆ.

ಇಂಥ ರೋಗಕ್ಕೆ ಇಂಥ ರಾಗವೆಂದು ಪಟ್ಟಿಮಾಡಿ ಹೇಳುವವರುಂಟು. ಆ ಮಾತನ್ನು ಪರೀಕ್ಷಿಸದೆ ನಂಬುವುದು ವಿವೇಕವಲ್ಲ. ನಾಟಿಹಾಡಿನಲ್ಲಿಯೇ ಬೆಳೆದ ಕೊಪ್ಪದ ಅಜ್ಜಿಯೊಬ್ಬಳಿಗೆ ಮಾತು ನಿಂತಿತೆನ್ನೋಣ. ಆಕೆ ಎಂದೂ ಕೇಳದ ಘನರಾಗದ ಕೀರ್ತನೆಗಿಂತ ಆಕೆಯೇ ನೂರು ಮದುವೆಗಳಲ್ಲಿ ಹಾಡಿದ ಸೋಬಾನೆ ಆಕೆಯ ನಾಲಗೆಗೆ ಹತ್ತಿರವಾದುದು. ಆದುದರಿಂದ ಚಿಕಿತ್ಸಕನು ಎಷ್ಟೇ ದೊಡ್ಡ ವಿದ್ವಾಂಸನಾದರೂ ಆ ಹಾಡನ್ನು ಅವಳ ಮನೆಯವರಿಂದ ಕಲಿಯಬೇಕು. ವೈದ್ಯರೊಡನೆ ಸಮಾಲೋಚಿಸಬೇಕು, ಪ್ರತಿದಿನದ ಏರಿಳಿತವನ್ನು ಬರೆದಿಡಬೇಕು, ಫಲ ಕಾಣದಿದ್ದರೆ ಕ್ರಮವನ್ನು ಬದಲಿಸಬೇಕು, ತನ್ನಿಂದಾಗದುದನ್ನು ಆಗದೆಂದು ಒಪ್ಪಿಕೊಳ್ಳಬೇಕು. ಈ ವೃತ್ತಿಯಲ್ಲಿ ಬೆಳವಣಿಗೆಯೆಂದರೆ ಇದೇ: ಹಾಡುವುದಕ್ಕಿಂತ ಹೆಚ್ಚಾಗಿ ಕೇಳುವುದನ್ನು ಕಲಿಯುವುದು.

ಕೊಪ್ಪಕ್ಕೆ ಬಹುದೂರವಲ್ಲದ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇದೆ. ಒಂದು ಮಾತಿನ ಶಾಸ್ತ್ರವನ್ನು ಕಲಿಸುತ್ತದೆ, ಇನ್ನೊಂದು ನಾದದ ಶಾಸ್ತ್ರವನ್ನು. ಈ ಎರಡರ ಜೊತೆಗೆ ಹಳ್ಳಿಯ ಹಾಡಿನ ಸಂಪತ್ತನ್ನೂ ಕೂಡಿಸಿಕೊಳ್ಳುವ ತರುಣ ತರುಣಿಯರು ನಮ್ಮ ನಾಡಿಗೆ ಬೇಕಾಗಿದ್ದಾರೆ. ಅಜ್ಜಿಯರೊಡನೆ ಅವರ ಹಾಡುಗಳೂ ಮರೆಯಾಗುವ ಮುನ್ನ ಈ ಕೆಲಸ ಆಗಬೇಕು.

ಸಭೆಯಲ್ಲಿ ಹಾಡುವವನಿಗೆ ಚಪ್ಪಾಳೆಯ ಮನ್ನಣೆಯುಂಟು. ಚಿಕಿತ್ಸಕನಿಗೆ ಅದು ದೊರೆಯದು. ಅಜ್ಜಿಯು ರಾಗದ ಆಸರೆಯಿಲ್ಲದೆ ಮೊಮ್ಮಗನನ್ನು ಹೆಸರು ಹಿಡಿದು ಕರೆದ ದಿನವೇ ಅವನ ವಿದ್ಯೆ ಸಾರ್ಥಕ.