ಹೆಸರು ಹೇಳುವ ದಾರಿ
ಹಳಿಯಾಳ ತಾಲ್ಲೂಕಿನ ತೇರಗಾಂವದ ಸೀಮೆಯಲ್ಲಿ ಯಾರಾದರೂ ‘ಉಳವಪ್ಪಾ’ ಎಂದು ಕೂಗಿದರೆ 12ನೇ ಶತಮಾನವೇ ಓಗೊಡುತ್ತದೆ. ಕಲ್ಯಾಣದ ಕ್ರಾಂತಿಯ ನಂತರ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ಶರಣರೊಡನೆ ಬಂದು ಐಕ್ಯರಾದದ್ದು ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ. ಅಲ್ಲಿಗೆ ಹರಕೆ ಹೊತ್ತ ಮನೆಯ ಕೂಸು ಉಳವಪ್ಪನೋ ಚನ್ನಬಸಪ್ಪನೋ ಆಗುತ್ತದೆ. ಸವದತ್ತಿ ಗುಡ್ಡಕ್ಕೆ ನಡೆದುಕೊಳ್ಳುವವರಲ್ಲಿ ಯಲ್ಲಪ್ಪ, ಯಲ್ಲವ್ವ. ಪಂಢರಪುರದ ವಿಠ್ಠಲನನ್ನು ನಂಬಿದ ಮರಾಠರಲ್ಲಿ ತುಕಾರಾಮ, ಪಾಂಡುರಂಗ. ಇದೇ ತಾಲ್ಲೂಕಿನ ಕ್ರೈಸ್ತ ಸಿದ್ದಿಗಳಲ್ಲಿ ಕೇಳಿಬರುವ ಬಸ್ತ್ಯಾಂವ್, ಜುಜೆ ಎಂಬ ಹೆಸರುಗಳು ಪೋರ್ಚುಗೀಸರ ಸೆಬಾಸ್ತಿಯಾಂವ್, ಜೊಸೆಗಳು ಕೊಂಕಣಿಯ ನಾಲಗೆಯಲ್ಲಿ ತಾಳಿದ ರೂಪ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದ ಈ ಸಿದ್ದಿಗಳ ಪೂರ್ವಜರ ಮೂಲ ಹೆಸರುಗಳು ಅಳಿಸಿಹೋದವು. ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ದಾರಿಗೆ ಇಂಥ ಹೆಸರುಗಳೇ ಇಂದಿಗೂ ಸಾಕ್ಷಿ. ಈಗ ಮೊಬೈಲಿನಲ್ಲಿ ಹುಡುಕಿದ ಎರಡಕ್ಷರದ ಹೆಸರುಗಳು ತೊಟ್ಟಿಲಿಗೆ ಬರುತ್ತಿವೆ. ಹೊಸ ಹೆಸರು ಬೇಡವೆಂದಲ್ಲ. ಅದರ ಜೊತೆಗೆ ಹಳೆಯದರ ಕಥೆಯೂ ಮಗುವಿಗೆ ಸಿಗಬೇಕು. ನಿಮ್ಮ ಅಜ್ಜ, ಅಜ್ಜಿಯರ ಹೆಸರು ಯಾವ ದೇವರಿಂದ, ಯಾವ ಊರಿಂದ, ಯಾವ ಹರಕೆಯಿಂದ ಬಂತೆಂದು ಮನೆಯ ಹಿರಿಯರನ್ನು ಇಂದೇ ಕೇಳಿ, ಬರೆದಿಡಿ.