ಅಲೆ ಮುಟ್ಟಿತು, ಮಾತು ಮುಟ್ಟಿತೇ?

ರಜೆಗೆ ಊರಿಗೆ ಹೊರಟು ವಾಸ್ಕೋದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದವರಿಗೆ ಕ್ಯಾಸಲ್ ರಾಕ್ ಗೊತ್ತಿರಲೇಬೇಕು. ಕುಳೆಯಲ್ಲಿ ಘಟ್ಟ ಹತ್ತಿಸಲು ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ. ದೂಧಸಾಗರ ಬಂತು ಅಂದರೆ ಬೋಗಿಯವರೆಲ್ಲ ಒಂದೇ ಬದಿಯ ಕಿಟಕಿಗೆ ಮುಗಿಬೀಳುತ್ತಾರೆ. ಸುರಂಗ ಎಣಿಸುತ್ತಾ ಲೆಕ್ಕ ತಪ್ಪುವ ಹೊತ್ತಿಗೆ ಘಟ್ಟದ ನೆತ್ತಿಯಲ್ಲಿ ಈ ಸ್ಟೇಷನ್ ಬರುತ್ತದೆ. ಇವತ್ತು ಅದು ಎರಡು ರಾಜ್ಯಗಳ ಗಡಿ. 1961ರ ವರೆಗೆ ಎರಡು ದೇಶಗಳ ಗಡಿಯಾಗಿತ್ತು: ಕೆಳಗೆ ಪೋರ್ಚುಗೀಸರ ಆಳ್ವಿಕೆ, ಮೇಲೆ ಭಾರತ.

ಆ ಗಡಿಯ ಕಾಡಿನಿಂದ ಒಂದು ರೇಡಿಯೋ ಮಾತಾಡುತ್ತಿತ್ತು. ಪೋರ್ಚುಗೀಸಿನಲ್ಲಿ ಅದರ ಹೆಸರು 'ವೋಜ್ ದ ಲಿಬರ್ದಾದ್', ಕೊಂಕಣಿಯಲ್ಲಿ 'ಗೋಂಯಚೆ ಸೊಡವಣೆಚೊ ಆವಾಜ್'. ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಇದನ್ನು 1955ರ ನವೆಂಬರ್ 25ರಿಂದ 1961ರ ಡಿಸೆಂಬರ್ ವರೆಗೆ ನಡೆಸಿದರು. ಮೊದಲು ಅಂಬೋಲಿಯ ಕಾಡಿನಲ್ಲಿ, ಆಮೇಲೆ ನಮ್ಮ ಕ್ಯಾಸಲ್ ರಾಕಿನಲ್ಲಿ. ಗೋವಾದ ಒಳಗೆ ಪತ್ರಿಕೆಗಳಿಗೆ ಸೆನ್ಸಾರ್ ಇತ್ತು, ಲಿಸ್ಬನ್ ಹೇಳಿದ್ದೇ ಸುದ್ದಿ. ಗಡಿಯಲ್ಲಿ ಪಹರೆ ಹಾಕಿ ಮನುಷ್ಯರನ್ನು ತಡೆಯಬಹುದು, ಪೆಟ್ಟಿಗೆ ತೆಗೆಸಿ ನೋಡಬಹುದು. ರೇಡಿಯೋ ಅಲೆಯನ್ನು ನಿಲ್ಲಿಸಿ ಚೀಲ ತೋರಿಸು ಅನ್ನಲು ಬರುವುದಿಲ್ಲ.

1961ರ ಡಿಸೆಂಬರ್ 18ರಂದು ಭಾರತದ ವಾಯುಪಡೆ ಗುರಿಯಿಟ್ಟ ಜಾಗಗಳಲ್ಲಿ ಬಾಂಬೋಳಿಯ ವೈರ್‌ಲೆಸ್ ಕೇಂದ್ರವೂ ಒಂದು. ಮರುದಿನ ಲಿಬಿಯಾ ಲೋಬೊ ಧ್ವನಿವರ್ಧಕ ಕಟ್ಟಿದ ವಿಮಾನದಲ್ಲಿ ಕೂತು, ಗೋವಾ ಬಿಡುಗಡೆಯಾಯಿತು ಎಂದು ಆಕಾಶದಿಂದಲೇ ಸಾರಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು ನೂರು.

ಇದರಲ್ಲಿ ನಾನು ನಿಮಗೆ ತೋರಿಸಬೇಕಾದ್ದು ಸಾಹಸ ಅಲ್ಲ. ಅವರು ಆರಿಸಿಕೊಂಡ ಭಾಷೆಗಳನ್ನು ನೋಡಿ. ಮನೆಯೊಳಗಿನ ಜನಕ್ಕೆ ಕೊಂಕಣಿ. ಕಚೇರಿಯವರಿಗೆ, ಸಿಪಾಯಿಗಳಿಗೆ ಪೋರ್ಚುಗೀಸ್. ಯಾರು ಕೇಳಬೇಕೋ ಅವರ ಮಾತಿನಲ್ಲೇ ಹೇಳಬೇಕು ಅನ್ನುವುದು ಕಾಡಿನಲ್ಲಿ ಕೂತ ಆ ನಾಲ್ಕು ಜನಕ್ಕೆ ಗೊತ್ತಿತ್ತು. ಸಾರ್ವಜನಿಕ ಸಂಪರ್ಕ ಎಂದು ಬೋರ್ಡು ಹಾಕಿಕೊಂಡ ಈಗಿನ ಇಲಾಖೆಗಳು, ಸಂಸ್ಥೆಗಳು ಇದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟ ಹಾಗೆ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ನಿಮ್ಮ ಮನೆಯನ್ನೇ ತಗೊಳ್ಳಿ. ಸಂಜೆ ಟೀವಿ ಹಚ್ಚಿದರೆ ಏನು ಬರುತ್ತದೆ? ಕನ್ನಡ ಧಾರಾವಾಹಿ, ಕನ್ನಡ ಸುದ್ದಿ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದಿಂದ ಇಡೀ ಭಾರತ ಕಾಣುತ್ತದೆ, ಹಾಗಾಗಿ ಬೈನಾದ ಮಾಡಿನ ಮೇಲಿನ ತಟ್ಟೆಗೂ ಬಾಗಲಕೋಟೆಯ ತಟ್ಟೆಗೂ ಒಂದೇ ಚಿತ್ರ. ಬೆಂಗಳೂರಿನಲ್ಲಿ ಎಲ್ಲಿ ರಸ್ತೆ ಬ್ಲಾಕ್ ಆಗಿದೆ, ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ, ಎಲ್ಲ ನಿಮಗೆ ಗೊತ್ತು. ನಿಮ್ಮ ಓಣಿಗೆ ನಾಳೆ ಸೊಳ್ಳೆ ಔಷಧಿ ಹೊಡೆಯಲು ಬರುತ್ತಾರೋ ಇಲ್ಲವೋ ಅದು ಹೇಳುವುದಿಲ್ಲ. ಹೇಳುವ ಪಣಜಿ ಆಕಾಶವಾಣಿ ಮುಖ್ಯವಾಗಿ ಕೊಂಕಣಿ, ಮರಾಠಿಯಲ್ಲಿ ಹೇಳುತ್ತದೆ. ಭಾಷೆ ಒಂದು ಕಡೆಯಿಂದ ಬರುತ್ತದೆ, ಊರಿನ ಸುದ್ದಿ ಇನ್ನೊಂದು ಕಡೆಯಿಂದ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ.

ರೇಡಿಯೋದಲ್ಲೂ ಇದೇ ಕಥೆ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಅದು ಮಧ್ಯಮ ತರಂಗ. ಹಗಲಲ್ಲಿ ನೆಲ ಹಿಡಿದು ಸಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಮೇಲಿನ ವಾತಾವರಣದಲ್ಲಿ ಅದನ್ನು ಹೀರುವ ಪದರ ಕರಗಿ ಹೋಗುತ್ತದೆ, ಆಗ ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದೂರಕ್ಕೆ ಪುಟಿಯುತ್ತದೆ. ಎಫ್‌ಎಂ ಹಾಗಲ್ಲ, ಹೆಚ್ಚುಕಡಿಮೆ ನೇರವಾಗಿ ಹೋಗುವ ಅಲೆ, ಸಹ್ಯಾದ್ರಿ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಅಂದರೆ ಹಳೇ ಸೆಟ್ ಇದ್ದವರಿಗೆ ರಾತ್ರಿ ಧಾರವಾಡ ಸಿಕ್ಕೀತು. ಸಿಕ್ಕರೂ ಅದು ಧಾರವಾಡದ ರೈತರಿಗೆ ಮಾತಾಡುತ್ತದೆ, ಮಡಗಾಂವಿನ ಕಟ್ಟಡದ ಕೆಲಸದವರಿಗಲ್ಲ. ಅದು ಅದರ ತಪ್ಪಲ್ಲ ಬಿಡಿ.

ಇದರಿಂದ ಏನು ಹಾಳಾಯಿತು ಅನ್ನಬಹುದು ನೀವು. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್‌ಗೆ ನೀರು ಕಟ್ಟಿ ನಿಲ್ಲಿಸುತ್ತಾರಲ್ಲ, ಅದೇ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಆ ನೀರು ಚೆಲ್ಲಿ ಒಣಗಿಸಿ ಹೊಸದು ಕಟ್ಟಿದರೆ ಮುಗಿಯಿತು. ಈ ಎರಡು ವಾಕ್ಯ ಯಾರಿಗೆ ತಲುಪಬೇಕು? ಆ ಸ್ಲ್ಯಾಬಿನ ಕೆಳಗೇ ತಗಡು ಕಟ್ಟಿಕೊಂಡು ಮಲಗುವವರಿಗೆ. ಅವರಲ್ಲಿ ಎಷ್ಟು ಜನ ನಿಮ್ಮ ಅಪ್ಪ, ಕಾಕಾ, ಮಾವ?

ಇನ್ನೊಂದು ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಒಂದು ಹೊಸ ವೈರಸ್ ಗೊತ್ತಾಯಿತು. ಮಂಗಗಳು ಸಾಯುತ್ತಿದ್ದವು, ಜನಕ್ಕೆ ಜ್ವರ. ಅದಕ್ಕೇ ಮಂಗನ ಕಾಯಿಲೆ ಎಂಬ ಹೆಸರು. ಹರಡುವುದು ಉಣ್ಣಿಯಿಂದ, ಮಲೆನಾಡಿನವರು ಉಣುಗು ಅನ್ನುತ್ತಾರೆ. ಅದೇ ಕಾಯಿಲೆ 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ ಕಾಣಿಸಿತು. ಮರಾಠಿಯಲ್ಲಿ ಇದಕ್ಕೆ ಮಾಕಡತಾಪ ಎನ್ನುತ್ತಾರೆ. ರೇಡಿಯೋದಲ್ಲಿ ಮಾಕಡತಾಪದ ಎಚ್ಚರಿಕೆ ಬಂದರೆ, ಕಟ್ಟಿಗೆಗೆ ಇಲ್ಲವೇ ಗೇರುತೋಟದ ಕೂಲಿಗೆ ಹೊರಟ ಕನ್ನಡದ ಅವ್ವನಿಗೆ ಏನು ತಿಳಿಯಬೇಕು? ಕನ್ನಡದಲ್ಲಿ ಹೇಳಿದರೂ ಸಾಲದು ಅನ್ನುವುದೂ ನಿಜ: ಗದಗದ ಕಡೆಯವರಿಗೆ ಉಣುಗು ಅಂದರೆ ಗೊತ್ತಾಗಲಿಕ್ಕಿಲ್ಲ, ಉಣ್ಣಿ ಅನ್ನಬೇಕು, ಎಮ್ಮೆ ಮೈಯಿಂದ ಕೀಳುತ್ತೀವಲ್ಲ ಅಂಥದ್ದು ಅನ್ನಬೇಕು. ಅಂಥ ಮಾತು ಬಲ್ಲವರು ಕೂತು ಬರೆಯಬೇಕಾದ ಕೆಲಸ ಇದು.

ಸಾಧ್ಯವೇ ಅಂದರೆ, ಐವತ್ತು ವರ್ಷದ ಹಿಂದೆಯೇ ಆಗಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿತ್ತು. ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಇಟ್ಟಿತು. ಕೋಳಿಗೂಡಿನ ಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ಆಂಟೆನಾ. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗಾ, ರಾಯಚೂರು. ಆಗ ಬಾಗಲಕೋಟೆ ಬಿಜಾಪುರದಲ್ಲಿತ್ತು, ಯಾದಗಿರಿ ಗುಲ್ಬರ್ಗಾದಲ್ಲಿ, ಕೊಪ್ಪಳ ರಾಯಚೂರಿನಲ್ಲಿ. ನಿಮ್ಮಲ್ಲಿ ಹಲವರ ಊರು ಅಲ್ಲೇ! ಅಜ್ಜನನ್ನು ಕೇಳಿ ನೋಡಿ, ಶಾಲೆಯ ಅಂಗಳದಲ್ಲಿ ಕೂತು ನೋಡಿದ ನೆನಪು ಇದ್ದರೂ ಇರಬಹುದು. ಬೆಳಿಗ್ಗೆ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸಬಲ್ಲದಾಗಿತ್ತು. ಒಂದೇ ಚಿತ್ರ, ಈ ಕಡೆ ಕನ್ನಡ, ಆಂಧ್ರದ ಕಡೆ ತೆಲುಗು! ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಟೀವಿ ನೋಡಿದ್ದು ನಮ್ಮ ಹಳ್ಳಿಗಳು.

ಗೋವಾದ ರಾಜಭಾಷೆ ಕೊಂಕಣಿ, ಇಲ್ಲಿಗೆ ಬಂದವರು ಕೊಂಕಣಿ ಕಲಿಯಲಿ ಎಂದು ಕೆಲವರು ಹೇಳುತ್ತಾರೆ. ಕಲಿಯಲೇಬೇಕು. ನೀವಂತೂ ಅಂಗಡಿಯಲ್ಲಿ, ಮೈದಾನದಲ್ಲಿ ಕಲಿತೇಬಿಟ್ಟಿದ್ದೀರಿ. ಆದರೆ ಹೋದ ತಿಂಗಳು ಬಂದಿಳಿದ ಕುಟುಂಬ ಭಾಷೆ ಕಲಿಯುವ ತನಕ ಸೊಳ್ಳೆ ಕಾಯುವುದಿಲ್ಲ. ಆ ಮನೆಗೆ ಡೆಂಗಿ ಬಂದರೆ ಪಕ್ಕದ ಕೊಂಕಣಿ ಮನೆಗೂ ಬರುತ್ತದೆ. ಕೊಂಕಣಿಯ ಸಮಯ ಕಸಿದು ಕನ್ನಡಕ್ಕೆ ಕೊಡಿ ಎಂದು ನಾನು ಕೇಳುತ್ತಿಲ್ಲ. ದಿನಕ್ಕೆ ಹತ್ತು ನಿಮಿಷ. ಅದೂ ಬೆಳಿಗ್ಗೆ ಹನ್ನೊಂದಕ್ಕಲ್ಲ, ಕೆಲಸ ಮುಗಿಸಿ ಒಲೆ ಹಚ್ಚುವ ಏಳೂವರೆಗೆ.

ಫೋನಿದೆಯಲ್ಲ, ರೇಡಿಯೋ ಯಾಕೆ ಅನ್ನುವವರೂ ಇದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹೋದಾಗ ಗೋವಾದಲ್ಲಿ ಎಷ್ಟು ಕಡೆ ಕಂಬ ಉರುಳಿ ಕರೆಂಟ್ ಹೋಗಿತ್ತು, ಮನೆಯವರನ್ನು ಕೇಳಿ. ಚಾರ್ಜ್ ಮುಗಿದ ಫೋನು ಕಲ್ಲಿಗೆ ಸಮ. ಎರಡು ಸೆಲ್ಲಿನ ರೇಡಿಯೋ ದಿನಗಟ್ಟಲೆ ಮಾತಾಡುತ್ತದೆ.

ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ನೆಲೆಗಳಿಗೆ ಹೋಗುವ ಯಾತ್ರೆಗಳ ಏರ್ಪಾಟು ಅಲ್ಲಿಂದಲೇ. ದೋನಾ ಪೌಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಅವುಗಳ ಕೆಲಸ ನೀವು ಕೂತ ಬೆಂಚಿನಿಂದ ಬಸ್ಸಿನ ದೂರದಲ್ಲಿ ನಡೆಯುತ್ತಿದೆ. ಆ ವಿಜ್ಞಾನಿಗಳು ಮೈಕಿನ ಮುಂದೆ ಬಂದಾಗ ಪಕ್ಕದಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವ ಒಬ್ಬ ಹುಡುಗಿಯೂ ಇರಲಿ. ಸಂಪರ್ಕ ಅನ್ನುವುದು ಎರಡು ಕಡೆಯಿಂದ ಆಗಬೇಕು. ಒಂದೇ ಕಡೆಯಿಂದ ಬಂದರೆ ಅದಕ್ಕೆ ಪ್ರಚಾರ ಅಂತ ಬೇರೆ ಹೆಸರೇ ಇದೆಯಲ್ಲ.

ನಮ್ಮ ಶಾಲೆಗಳಿಂದ ಆಕಾಶವಾಣಿಗೆ ಈ ಬೇಡಿಕೆ ಬರಿಗೈಯಲ್ಲಿ ಹೋಗಬಾರದು ಎಂದು ನನ್ನ ಅಭಿಪ್ರಾಯ. ಸಿದ್ಧ ಕಾರ್ಯಕ್ರಮ ಜೊತೆಗಿರಲಿ. ಮೂರು ನಿಮಿಷದ ಒಂದು ಮಾತು ಬರೆಯಿರಿ: ಕ್ಯೂರಿಂಗ್ ನೀರು, ಉಣ್ಣಿ, ಮಿಂಚು ಬಂದಾಗ ಎಲ್ಲಿ ನಿಲ್ಲಬಾರದು, ಯಾವುದಾದರೂ ಆಗಲಿ. ನಿಧಾನಕ್ಕೆ ಓದಿದರೆ ನಿಮಿಷಕ್ಕೆ ನೂರು ಪದ ಹತ್ತಿರ ಹತ್ತಿರ, ಹಾಗಾಗಿ ಮುನ್ನೂರು ಪದ ದಾಟಬೇಡಿ. ಬರೆದಾದ ಮೇಲೆ ಓಣಿಯಲ್ಲಿ ಓದಲು ಬಾರದ ಒಬ್ಬ ದೊಡ್ಡವ್ವನ ಮುಂದೆ ಜೋರಾಗಿ ಓದಿ. ಅವರು ಎಲ್ಲಿ "ಏನಂದಿ?" ಅನ್ನುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆ ಪದಕ್ಕೆ ನೀವು ಏನಂತೀರಿ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.