ವಿದ್ಯುತ್ ಸೈಕಲ್ಲು: ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

ನಮ್ಮ ಸಂಘದ ಯಾವುದೇ ಸಮಾರಂಭದಲ್ಲಿ ಊಟದ ಪಂಕ್ತಿಗೆ ಕುಳಿತಾಗ, ಮಾತು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಸುತ್ತಿ ಬಂದು ಈಚೆಗೆ ವಿದ್ಯುತ್ ಸೈಕಲ್ಲಿನ ಬಳಿ ನಿಲ್ಲುತ್ತದೆ. ಕೊಳ್ಳಬೇಕೆ, ಬೇಡವೆ ಎಂದು ಹಲವರು ನನ್ನನ್ನು ಕೇಳಿದ್ದುಂಟು. ನಾನು ವೈದ್ಯನೂ ಅಲ್ಲ, ಎಂಜಿನಿಯರನೂ ಅಲ್ಲ. ವಾಣಿಜ್ಯ ಪದವಿ ಪಡೆದು ಬ್ಯಾಂಕು ಸೇರಿದವನು. ಆದರೆ ಈ ವಾಹನವನ್ನು ಒಮ್ಮೆ ತಪ್ಪಾಗಿಯೂ ಮತ್ತೊಮ್ಮೆ ಸರಿಯಾಗಿಯೂ ಕೊಂಡವನು. ಆ ಅಧಿಕಾರದಿಂದಲೇ ಈ ನಾಲ್ಕು ಮಾತು.

ಧಾರವಾಡದ ಏರಿಳಿತದ ರಸ್ತೆಗಳಲ್ಲಿ ಸೈಕಲ್ ತುಳಿದೇ ಕಾಲೇಜು ಮುಗಿಸಿದ ನಾನು, ಪುಣೆಗೆ ಬಂದ ಮೇಲೆ ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆಯ ಕಾಗದ ನೋಡಿದ ವೈದ್ಯರು, "ಮಾತ್ರೆಗಿಂತ ಮೊದಲು ಮೈ ಬೆವರಬೇಕು" ಎಂದರು. ಕೋಥ್ರೂಡಿನ ಮನೆಯಿಂದ ಶಿವಾಜಿನಗರದ ಶಾಖೆಗೆ ಏಳು ಕಿಲೋಮೀಟರು. ವ್ಯಾಯಾಮವೂ ಆಯಿತು, ಪ್ರಯಾಣವೂ ಆಯಿತು ಎಂದು ಹಿಗ್ಗಿ ವಿದ್ಯುತ್ ಸೈಕಲ್ಲೊಂದನ್ನು ತಂದೆ. ಆರು ತಿಂಗಳ ನಂತರ ಪರೀಕ್ಷಿಸಿದರೆ ಸಕ್ಕರೆಯ ಪ್ರಮಾಣ ಇದ್ದಲ್ಲೇ ಇತ್ತು. ಕಾರಣವನ್ನು ಕಂಡುಹಿಡಿದವಳು ನನ್ನ ಹೆಂಡತಿ: "ಪೆಡ್ಲಿನ ರಬ್ಬರ್ ಇನ್ನೂ ಹೊಸಾದ ಅದ ಅಲ್ರೀ, ತುಳಿಯೋರು ಯಾರು?"

ಮಾತು ನಿಜವಾಗಿತ್ತು. ಆ ಸೈಕಲ್ಲಿಗೆ ಸ್ಕೂಟರಿನಂತೆ ಹಿಡಿಕೆ ತಿರುವಿದರೆ ಓಡುವ ಸೌಲಭ್ಯವಿತ್ತು. ಮೊದಲ ವಾರ ತುಳಿದೆ. ಎರಡನೆಯ ವಾರದಿಂದ ತಿರುವಿದೆ. ತಪ್ಪು ಯಂತ್ರದ್ದಲ್ಲ, ಮನುಷ್ಯ ಸ್ವಭಾವದ್ದು.

ಆದುದರಿಂದ ಮೊದಲು ತಿಳಿಯಬೇಕಾದದ್ದು ಇದು. ತುಳಿದಾಗ ಮಾತ್ರ ಮೋಟಾರು ನೆರವಾಗುವ ಸೈಕಲ್ಲು ಬೇರೆ; ತಾನೇ ಓಡುವ ಸೈಕಲ್ಲು ಬೇರೆ. ನೆರವು ನೀಡುವುದರಲ್ಲಿಯೂ ಎರಡು ಬಗೆ. ಒಂದು, ಪೆಡಲು ತಿರುಗುತ್ತಿದೆಯೆ ಎಂಬುದನ್ನಷ್ಟೇ ನೋಡುತ್ತದೆ. ಕಾಲು ಸುಮ್ಮನೆ ಆಡಿಸಿದರೂ ಸಾಕು. ಇನ್ನೊಂದು, ನಾವು ಎಷ್ಟು ಬಲ ಹಾಕುತ್ತೇವೆಂಬುದನ್ನು ಅಳೆದು ಅದಕ್ಕೆ ತಕ್ಕಷ್ಟೇ ಕೈಜೋಡಿಸುತ್ತದೆ. ಎರಡನೆಯದಕ್ಕೆ ಬೆಲೆ ಹೆಚ್ಚು. ಆರೋಗ್ಯಕ್ಕಾಗಿ ಕೊಳ್ಳುವವರು ಅದನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ದಿನಕ್ಕೆ ಹೋಗಿಬರಲು ಐವತ್ತು ನಿಮಿಷ ನಿಜವಾಗಿ ತುಳಿದರೆ, ಐದು ದಿನದಲ್ಲಿ 250 ನಿಮಿಷ. ಸಾದಾ ಸೈಕಲ್ಲಿನಷ್ಟು ಶ್ರಮ ಇದರಲ್ಲಿಲ್ಲ, ನಿಜ. ಆದರೆ ಏರು ನೋಡಿ ಎದೆಗುಂದಿ ಮನೆಯಲ್ಲೇ ಕೂರುವವನಿಗಿಂತ, ನೆರವು ಪಡೆದು ದಿನವೂ ತುಳಿಯುವವನು ಮೇಲಲ್ಲವೆ?

ಎರಡನೆಯದು ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರಿನ ವೇಗ ಮುಟ್ಟಿದಾಗ ನೆರವು ನಿಂತುಹೋಗುವ ಸೈಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಲೈಸೆನ್ಸ್, ನೋಂದಣಿ ಬೇಡ. ಆದರೆ ಈ ವಿನಾಯಿತಿಗೆ ಸರಕಾರ ಗೊತ್ತುಪಡಿಸಿದ ಪರೀಕ್ಷಾ ಸಂಸ್ಥೆಯ ಮಾನ್ಯತೆ ಇರಬೇಕು. ಅಂಥ ಸಂಸ್ಥೆಗಳಲ್ಲೊಂದು ನಮ್ಮ ಕೋಥ್ರೂಡಿನ ಗುಡ್ಡದ ಮೇಲೆಯೇ ಇದೆ. ಬೆಳಗಿನ ವಾಯುಸೇವನೆಗೆ ಹೋಗುವವರು ಆ ಗುಡ್ಡವನ್ನು ಅದರ ಹೆಸರಿನಿಂದಲೇ, ಎಆರ್‌ಎಐ ಟೇಕಡಿ ಎಂದು ಕರೆಯುತ್ತಾರೆ. "ವೇಗದ ಮಿತಿ ತೆಗೆದು ಕೊಡುತ್ತೇವೆ, ನಲವತ್ತು ಹೋಗುತ್ತದೆ" ಎನ್ನುವ ಅಂಗಡಿಯವನನ್ನು ದೂರವಿಡಿ. ಮಿತಿ ಮೀರಿದ ಮರುಕ್ಷಣವೇ ನೀವು ನೋಂದಣಿಯಿಲ್ಲದ, ವಿಮೆಯಿಲ್ಲದ ವಾಹನದ ಚಾಲಕರು. ಅಪಘಾತವಾದರೆ ಅಂಗಡಿಯವನು ಸಾಕ್ಷಿಗೂ ಬರಲಾರ.

ಮೂರನೆಯದು ನನ್ನ ಕಸುಬಿಗೆ ಸೇರಿದ ಲೆಕ್ಕ. "ಕಿಲೋಮೀಟರಿಗೆ ಕೆಲವೇ ಪೈಸೆ" ಎಂಬ ಜಾಹೀರಾತು ಸುಳ್ಳಲ್ಲ, ಅರ್ಧಸತ್ಯ. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿ ಎಂದರೆ 360 ವ್ಯಾಟ್-ಗಂಟೆ. ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿದರೂ ಸುಮಾರು 0.4 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿಯೆಂದು ಹಿಡಿದರೆ ಒಂದು ಚಾರ್ಜಿಗೆ ನಾಲ್ಕು ರೂಪಾಯಿ. ನೀವೂ ತುಳಿಯುವುದಾದರೆ ಮೂವತ್ತು ಕಿಲೋಮೀಟರು ಸಾಗಬಹುದು. ಅಂದರೆ ಕಿಲೋಮೀಟರಿಗೆ 13 ಪೈಸೆ. ಆದರೆ ಬ್ಯಾಟರಿಯ ಸವಕಳಿ? ಅದರ ಬೆಲೆ 12,000 ರೂಪಾಯಿ, ಆಯುಸ್ಸು 500 ಪೂರ್ಣ ಚಾರ್ಜು ಎಂದಿಟ್ಟುಕೊಳ್ಳಿ. 15,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 80 ಪೈಸೆ! ಕಣ್ಣಿಗೆ ಕಾಣುವ ಖರ್ಚಿಗಿಂತ ಕಾಣದ ಖರ್ಚು ಆರು ಪಟ್ಟು. ಆದರೂ ಇದು ಪೆಟ್ರೋಲಿಗಿಂತ ಅಗ್ಗವೇ. ನನ್ನ ಓಡಾಟಕ್ಕೆ ಒಂದು ಬ್ಯಾಟರಿ ನಾಲ್ಕು ವರ್ಷ ಬಂದೀತು. ಅದಕ್ಕೆಂದೇ ತಿಂಗಳಿಗೆ 250 ರೂಪಾಯಿಯ ಆರ್.ಡಿ. ತೆರೆದಿದ್ದೇನೆ. ಬ್ಯಾಟರಿಯ ವಾರಂಟಿ ಎಷ್ಟು, ಹೊಸದು ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಬರೆಸಿಕೊಳ್ಳದೆ ಹಣ ಕೊಡಬೇಡಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನಾವು ಮಹಾನಗರದವರು ವಾಸಿಸುವುದು ಅಂಗಳವಿರುವ ಮನೆಗಳಲ್ಲಲ್ಲ, ಒಂದೇ ಬಾಗಿಲಿನ ಫ್ಲ್ಯಾಟುಗಳಲ್ಲಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ. ಹತ್ತಿದರೆ ನಿಮಿಷಗಳಲ್ಲಿ ಕೋಣೆಯನ್ನು ಆವರಿಸುತ್ತದೆ. ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ ಇಂತಹ ಬ್ಯಾಟರಿಗಳ ಬೆಂಕಿಗೆ 18 ಮಂದಿ ಬಲಿಯಾದರು. ಆದುದರಿಂದ ಮುಂಬಾಗಿಲ ಬಳಿ ಚಾರ್ಜಿಗೆ ಇಡಬೇಡಿ. ಬೆಂಕಿ ಬಿದ್ದರೆ ಹೊರಹೋಗುವ ದಾರಿಯೇ ಮುಚ್ಚುತ್ತದೆ. ರಾತ್ರಿ ಚಾರ್ಜಿಗಿಟ್ಟು ಮಲಗಬೇಡಿ. ಬೇರೆ ಚಾರ್ಜರ್ ಹಾಕಬೇಡಿ. ಉಬ್ಬಿದ ಅಥವಾ ಬಿದ್ದು ಪೆಟ್ಟಾದ ಬ್ಯಾಟರಿಯನ್ನು ಗಲ್ಲಿಯ ರಿಪೇರಿಯವನಿಂದ ಬಿಚ್ಚಿಸಬೇಡಿ. ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ, ಅವರಿಗೇ ಒಪ್ಪಿಸಿ.

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಗೆ ಹೋಗಿ, ಏರು ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ. ಬಳಿಕ ಮೋಟಾರು ಆರಿಸಿ ತುಳಿಯಿರಿ, ಎತ್ತಿಯೂ ನೋಡಿ. ಇಪ್ಪತ್ತು ಕಿಲೋ ಮೀರಿದ ಸೈಕಲ್ಲನ್ನು ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೊರುವುದು ವೈದ್ಯರು ಹೇಳಿದ ವ್ಯಾಯಾಮವಲ್ಲ!

ಹಿಡಿಕೆ ತಿರುವುವ ಆ ಮೊದಲ ಸೈಕಲ್ಲನ್ನು ನಷ್ಟಕ್ಕೆ ಮಾರಿದೆ. ಈಗಿನದು ತುಳಿದರಷ್ಟೇ ಓಡುತ್ತದೆ. ಸಂಜೆ ಪೌಡ್ ರಸ್ತೆಯ ಏರಿನಲ್ಲಿ ಅಂಗಿ ಬೆನ್ನಿಗೆ ಅಂಟಿದಾಗ ಧಾರವಾಡದ ದಿನಗಳು ನೆನಪಾಗುತ್ತವೆ. ರಕ್ತಪರೀಕ್ಷೆಯ ಅಂಕಿ ಇಳಿಮುಖವಾಗಿದೆ. ಪೆಡಲಿನ ರಬ್ಬರು ಸವೆದಿದೆ. ನಾನು ಸಂತೋಷದಿಂದ ಬರೆದುಕೊಂಡ ಸವಕಳಿ ಅದೊಂದೇ.